ರಾಯದುರ್ಗದಿಂದ ಬಳ್ಳಾರಿಗೆ ಬಂದ ಜೀನ್ಸ್ ಯೂನಿಟ್: ಆದಾಯ ತೆರಿಗೆ ರಿಟರ್ನ್ ಒಂದೋ ಎರಡೋ?

ಪ್ರಶ್ನೆ: ರಾಯದುರ್ಗದಲ್ಲಿ ಎಂಟು ಮಷಿನ್ ಇಟ್ಟುಕೊಂಡು ಜೀನ್ಸ್ ಪ್ಯಾಂಟ್ ಹೊಲಿಸಿ ಮಾರುತ್ತಿದ್ದೆ. 2025ರ ಅಕ್ಟೋಬರ್‌ನಲ್ಲಿ ಮನೆ, ಯೂನಿಟ್ ಎರಡನ್ನೂ ಬಳ್ಳಾರಿಗೆ ತಂದೆ. ಈಗ ಕೌಲ್ ಬಜಾರ್ ಕಡೆ ಶೆಡ್ ಬಾಡಿಗೆಗೆ ಹಿಡಿದಿದ್ದೇನೆ, ಕರ್ನಾಟಕದ ಜಿಎಸ್‌ಟಿ ನಂಬರ್ ಬಂದಿದೆ. ಏಪ್ರಿಲ್‌ನಿಂದ ಸೆಪ್ಟೆಂಬರ್‌ವರೆಗೆ ಅಲ್ಲಿ 38 ಲಕ್ಷ, ಅಕ್ಟೋಬರ್‌ನಿಂದ ಮಾರ್ಚ್‌ವರೆಗೆ ಇಲ್ಲಿ 46 ಲಕ್ಷ ವ್ಯಾಪಾರ ಆಗಿದೆ. ಸೆಪ್ಟೆಂಬರ್ ಕೊನೆಯಲ್ಲಿ 9 ಲಕ್ಷದ ಡೆನಿಮ್ ಬಟ್ಟೆ, ರೆಡಿ ಮಾಲನ್ನು ಹಳೇ ನಂಬರ್‌ನಿಂದ ಹೊಸ ನಂಬರ್‌ಗೆ ಬಿಲ್ ಹಾಕಿ ತಂದೆ. ಮಷಿನ್‌ಗಳು ಮಾತ್ರ ಅಕ್ಟೋಬರ್‌ನಲ್ಲಿ ಬಿಲ್ ಇಲ್ಲದೆ ಬರೀ ಸಾಗಣೆ ಚಲನ್ ಮೇಲೆ ಬಂದವು. ಆಂಧ್ರದ ನಂಬರ್ ಇನ್ನೂ ರದ್ದು ಮಾಡಿಸಿಲ್ಲ, ಅಕ್ಟೋಬರ್‌ನಿಂದ ಅದರ ರಿಟರ್ನ್ ಕೂಡ ಹಾಕಿಲ್ಲ. ಈಗ ಎಐಎಸ್‌ನಲ್ಲಿ (ಆದಾಯ ತೆರಿಗೆ ಇಲಾಖೆ ತೋರಿಸುವ ವಾರ್ಷಿಕ ಮಾಹಿತಿ ಪಟ್ಟಿಯಲ್ಲಿ) ನನ್ನ ವ್ಯಾಪಾರ 93 ಲಕ್ಷ ಎಂದು ತೋರಿಸುತ್ತಿದೆ! ಅಮೆರಿಕದಲ್ಲಿರುವ ನಮ್ಮ ಭಾವ, ರಾಜ್ಯ ಬದಲಿಸಿದ ವರ್ಷ ಎರಡೂ ರಾಜ್ಯಕ್ಕೆ ಬೇರೆ ಬೇರೆ ರಿಟರ್ನ್ ಹಾಕಬೇಕು ಎನ್ನುತ್ತಾರೆ. ಇಲ್ಲಿನ ಕೆಲವರು, ಹಳೇ ಗೋಜಲು ಬಿಟ್ಟು ಹೆಂಡತಿ ಹೆಸರಲ್ಲಿ ಹೊಸದಾಗಿ ಶುರು ಮಾಡು ಎನ್ನುತ್ತಾರೆ. ಯಾವುದು ಸರಿ?

ಉತ್ತರ: ಮೊದಲು ನಿಮ್ಮ ಭಾವನವರ ಮಾತು. ಅವರು ಇರುವ ದೇಶಕ್ಕೆ ಅದು ಸರಿ. ಅಮೆರಿಕದಲ್ಲಿ ಕೇಂದ್ರದ ಆದಾಯ ತೆರಿಗೆಯ ಮೇಲೆ ಬಹುಪಾಲು ರಾಜ್ಯಗಳು ತಮ್ಮದೇ ಆದಾಯ ತೆರಿಗೆ ಹಾಕುತ್ತವೆ. ಟೆಕ್ಸಾಸ್, ಫ್ಲಾರಿಡಾದಂಥ ಕೆಲವು ಹಾಕುವುದಿಲ್ಲ. ತೆರಿಗೆ ಇರುವ ಒಂದು ರಾಜ್ಯದಿಂದ ಅಂಥದ್ದೇ ಇನ್ನೊಂದಕ್ಕೆ ಹೋದವರು ಆ ವರ್ಷದ ಆದಾಯವನ್ನು ಎರಡು ಪಾಲು ಮಾಡಿ, ಎರಡು ಕಡೆಯೂ ವರ್ಷದ ಒಂದು ಭಾಗದ ನಿವಾಸಿ ಎಂದು ರಿಟರ್ನ್ ಹಾಕಬೇಕಾಗುತ್ತದೆ. ನಮ್ಮಲ್ಲಿ ಹಾಗಿಲ್ಲ. ಕೃಷಿ ಆದಾಯ ಬಿಟ್ಟು ಉಳಿದ ಆದಾಯದ ಮೇಲೆ ತೆರಿಗೆ ಹಾಕುವ ಅಧಿಕಾರವನ್ನು ಸಂವಿಧಾನ ಕೇಂದ್ರಕ್ಕೆ ಮಾತ್ರ ಕೊಟ್ಟಿದೆ. ಆದ್ದರಿಂದ ರಾಯದುರ್ಗದ ಆರು ತಿಂಗಳು, ಬಳ್ಳಾರಿಯ ಆರು ತಿಂಗಳು ಎಲ್ಲ ಸೇರಿ ನಿಮ್ಮದು ಒಂದೇ ಲೆಕ್ಕ, ಒಂದೇ ಪ್ಯಾನ್, ಒಂದೇ ರಿಟರ್ನ್. ಎರಡು ರಿಟರ್ನ್ ಹಾಕಲು ಯಾರಾದರೂ ಹೇಳಿದರೆ ಒಪ್ಪಬೇಡಿ.

ಹಾಗಾದರೆ ಈ ತೊಡಕೆಲ್ಲ ಎಲ್ಲಿಂದ ಬಂತು? ಜಿಎಸ್‌ಟಿಯಿಂದ. ನಿಮ್ಮ ಎರಡು ಜಿಎಸ್‌ಟಿ ನಂಬರ್‌ಗಳನ್ನು ಒಂದು ಹಾಳೆಯಲ್ಲಿ ಒಂದರ ಕೆಳಗೊಂದು ಬರೆದು ನೋಡಿ. ಹದಿನೈದು ಅಕ್ಷರಗಳಲ್ಲಿ ಮೊದಲ ಎರಡು ಬೇರೆ: ಆಂಧ್ರದ್ದು 37, ಕರ್ನಾಟಕದ್ದು 29. ಅದರ ನಂತರದ ಹತ್ತು ಅಕ್ಷರ ಎರಡರಲ್ಲೂ ಒಂದೇ, ಅದು ನಿಮ್ಮ ಪ್ಯಾನ್. ಆದಾಯ ತೆರಿಗೆಯವರು ಆ ಹತ್ತು ಅಕ್ಷರ ನೋಡುತ್ತಾರೆ, ಅವರಿಗೆ ನೀವು ಒಬ್ಬರೇ. ಜಿಎಸ್‌ಟಿ ಕಾನೂನು ಮೊದಲ ಎರಡು ಅಂಕಿಯನ್ನೂ ನೋಡುತ್ತದೆ, ಅದಕ್ಕೆ ನೀವು ಇಬ್ಬರು. ಪ್ಯಾನ್ ಒಂದೇ ಆದರೂ ಬೇರೆ ರಾಜ್ಯದ ನೋಂದಣಿಯನ್ನು ಅದು ಬೇರೆ ವ್ಯಕ್ತಿ ಎಂದೇ ಎಣಿಸುತ್ತದೆ. 1953ರ ಅಕ್ಟೋಬರ್ 1ಕ್ಕೆ ಮುಂಚೆ ರಾಯದುರ್ಗ, ಆದೋನಿ, ಆಲೂರು ತಾಲ್ಲೂಕುಗಳು ಬಳ್ಳಾರಿ ಜಿಲ್ಲೆಯಲ್ಲೇ ಇದ್ದವು. ಇವತ್ತಿಗೂ ಆ ಕಡೆ ಈ ಕಡೆ ಕೊಡುಕೊಳ್ಳುವಿಕೆ, ನೆಂಟಸ್ತಿಕೆ ನಿಂತಿಲ್ಲ. ಆದರೆ ಆ ಗಡಿ ದಾಟಿ ನಿಮ್ಮದೇ ಬಟ್ಟೆಯನ್ನು ನಿಮ್ಮದೇ ಶೆಡ್ಡಿಗೆ ತಂದರೂ ಜಿಎಸ್‌ಟಿಯ ಕಣ್ಣಿಗೆ ಅದು ಒಬ್ಬರು ಇನ್ನೊಬ್ಬರಿಗೆ ಮಾಡಿದ ಸರಬರಾಜು. ಹಣ ಕೈ ಬದಲಾಯಿಸದಿದ್ದರೂ ಅಷ್ಟೇ.

ನಿಮ್ಮ 93 ಲಕ್ಷದ ಗುಟ್ಟು ಇಲ್ಲೇ ಇದೆ. ರಾಯದುರ್ಗದ ಮಾರಾಟ 38 ಲಕ್ಷ, ಅದಕ್ಕೆ ನಿಮಗೆ ನೀವೇ ಹಾಕಿಕೊಂಡ 9 ಲಕ್ಷದ ಬಿಲ್ ಸೇರಿ ಆಂಧ್ರ ನಂಬರ್‌ನಲ್ಲಿ 47 ಲಕ್ಷ. ಬಳ್ಳಾರಿಯಲ್ಲಿ 46 ಲಕ್ಷ. ಒಟ್ಟು 93. ಜಿಎಸ್‌ಟಿ ರಿಟರ್ನ್‌ಗಳಲ್ಲಿ ಇದ್ದದ್ದನ್ನೇ ಎಐಎಸ್ ಎತ್ತಿ ತೋರಿಸುತ್ತಿದೆ, ಅಲ್ಲಿ ಯಾರ ತಪ್ಪೂ ಇಲ್ಲ. ಆದರೆ ಆದಾಯ ತೆರಿಗೆಯಲ್ಲಿ ತನಗೆ ತಾನೇ ಮಾರಿ ಲಾಭ ಮಾಡಲು ಯಾರಿಗೂ ಆಗದು. ಆ 9 ಲಕ್ಷದ ಮಾಲು ಮಾರಾಟವಾದದ್ದು ಬಳ್ಳಾರಿಗೆ ಬಂದ ಮೇಲೆ, ಅದು 46 ಲಕ್ಷದೊಳಗೆ ಆಗಲೇ ಸೇರಿದೆ. ಅದನ್ನು ಇನ್ನೊಮ್ಮೆ ಎಣಿಸಬಾರದು. ನಿಮ್ಮ ವರ್ಷದ ವ್ಯಾಪಾರ 84 ಲಕ್ಷ.

ಈಗ ರಿಟರ್ನ್. 2025-26ರ ಆದಾಯಕ್ಕೆ 1961ರ ಕಾಯ್ದೆಯೇ ಅನ್ವಯ. 2025ರ ಹೊಸ ಆದಾಯ ತೆರಿಗೆ ಕಾಯ್ದೆ ಜಾರಿಗೆ ಬಂದದ್ದು 2026ರ ಏಪ್ರಿಲ್ 1ರಿಂದ, ಅದು ಮುಂದಿನ ವರ್ಷದ ಲೆಕ್ಕಕ್ಕೆ. ನಿಮ್ಮ ಗಾತ್ರದ ವ್ಯಾಪಾರಕ್ಕೆ 44ಎಡಿ ಕಲಮಿನ ಅಂದಾಜು ಲಾಭದ ದಾರಿ ಇದೆ. ವ್ಯಾಪಾರ 2 ಕೋಟಿ ಮೀರದಿದ್ದರೆ ನಗದಿನಲ್ಲಿ ಬಂದ ಮಾರಾಟದ ಶೇ 8, ಬ್ಯಾಂಕ್, ಯುಪಿಐ ಮೂಲಕ ಬಂದದ್ದರ ಶೇ 6 ಲಾಭ ಎಂದು ತೋರಿಸಿ ಐಟಿಆರ್-4 ನಮೂನೆಯ ರಿಟರ್ನ್ ಹಾಕಬಹುದು. ನಗದು ಶೇ 5 ಮೀರದಿದ್ದರೆ ಆ ಮಿತಿ 3 ಕೋಟಿ. ಉದಾಹರಣೆಗೆ ನಿಮ್ಮ 84 ಲಕ್ಷದಲ್ಲಿ 60 ಲಕ್ಷ ಬ್ಯಾಂಕಿಗೆ, 24 ಲಕ್ಷ ಕೈಗೆ ಬಂದಿದೆ ಎಂದುಕೊಳ್ಳಿ. 60 ಲಕ್ಷಕ್ಕೆ ಶೇ 6ರಂತೆ 3.60 ಲಕ್ಷ, 24 ಲಕ್ಷಕ್ಕೆ ಶೇ 8ರಂತೆ 1.92 ಲಕ್ಷ, ಒಟ್ಟು ಲಾಭ 5.52 ಲಕ್ಷ. ಬೇರೆ ಆದಾಯ ಇಲ್ಲದಿದ್ದರೆ ಹೊಸ ಪದ್ಧತಿಯಲ್ಲಿ 12 ಲಕ್ಷದವರೆಗಿನ 87ಎ ರಿಯಾಯಿತಿಯಿಂದ ತೆರಿಗೆ ಸೊನ್ನೆಗೆ ಇಳಿಯುತ್ತದೆ. ತೆರಿಗೆ ಇಲ್ಲ ಎಂದು ರಿಟರ್ನ್ ಬಿಡುವಂತಿಲ್ಲ, ಆದಾಯ 4 ಲಕ್ಷ ದಾಟಿದೆಯಲ್ಲ.

ಇವು ಕನಿಷ್ಠ ದರ. ನಿಜವಾದ ಲಾಭ ಇದಕ್ಕಿಂತ ಹೆಚ್ಚಿದ್ದರೆ ಹೆಚ್ಚೇ ತೋರಿಸಬೇಕು. ಇನ್ನೊಂದು ಅನುಕೂಲ ನಿಮ್ಮಂಥವರಿಗೆ ತಿಳಿದಿರಲಿ: ಹಳೇ ಆಂಧ್ರದ ಪಾರ್ಟಿಗಳಿಂದ ಬರಬೇಕಾದ ಬಾಕಿ, ರಿಟರ್ನ್ ಹಾಕುವ ಗಡುವಿನೊಳಗೆ ಬ್ಯಾಂಕಿಗೆ ಬಂದರೆ ಅದೂ ಶೇ 6ರ ಲೆಕ್ಕಕ್ಕೆ ಸೇರುತ್ತದೆ. ಹಾಗೆ ಈಗ ಬಂದ ಬಾಕಿ ಹಣವನ್ನು ಬಳ್ಳಾರಿಯ ಹೊಸ ವ್ಯಾಪಾರ ಎಂದು ಮತ್ತೆ ಬರೆದುಕೊಳ್ಳಬೇಡಿ. ಬಿಲ್ ಹಾಕಿದ ದಿನವೇ ಅದು ಮಾರಾಟವಾಗಿ ಲೆಕ್ಕಕ್ಕೆ ಸೇರಿದೆ.

93 ಲಕ್ಷವನ್ನೇ ಬರೆದುಬಿಟ್ಟರೂ ತೆರಿಗೆ ಸೊನ್ನೆಯೇ ಅಲ್ಲವೇ, ಯಾಕೆ ತಲೆನೋವು ಎಂದು ನೀವು ಕೇಳಬಹುದು. ನಿಮ್ಮ ಮಟ್ಟಿಗೆ ಅದು ನಿಜ. ಆದರೂ ಆಗದ ಮಾರಾಟವನ್ನು ಬರೆಯಬಾರದು. ಇದೇ ತಪ್ಪು 1.95 ಕೋಟಿ ವ್ಯಾಪಾರ ಇರುವವರಿಗೆ ಆದರೆ ಅವರು 2 ಕೋಟಿ ದಾಟಿ ಆಡಿಟ್‌ನ ಪ್ರಶ್ನೆಗೆ ಸಿಕ್ಕುತ್ತಾರೆ. ಹೆದರಿ ಹೆಚ್ಚು ಬರೆಯುವುದು ಎಷ್ಟು ತಪ್ಪೋ, ಎಐಎಸ್ ಕಣ್ಣಿಗೇ ಬಿದ್ದಿಲ್ಲ ಎಂಬಂತೆ ಸುಮ್ಮನೆ 84 ಬರೆದು ಕೂರುವುದೂ ಅಷ್ಟೇ ತಪ್ಪು. ಐಟಿಆರ್-4ರಲ್ಲಿ ಜಿಎಸ್‌ಟಿ ನಂಬರ್‌ವಾರು ಸರಬರಾಜಿನ ಮೊತ್ತ ಕೇಳುವ ಕಾಲಂ ಇದೆ. ಅಲ್ಲಿ ಎರಡೂ ನಂಬರ್ ಹಾಕಿ, 37ರ ಮುಂದೆ 47 ಲಕ್ಷ, 29ರ ಮುಂದೆ 46 ಲಕ್ಷ ಇದ್ದದ್ದು ಇದ್ದ ಹಾಗೆ ಬರೆಯಿರಿ. 44ಎಡಿ ಕೆಳಗಿನ ವ್ಯಾಪಾರ 84 ಲಕ್ಷ. ವ್ಯತ್ಯಾಸದ 9 ಲಕ್ಷಕ್ಕೆ ಒಂದು ಪುಟದ ಹೊಂದಾಣಿಕೆ ಪಟ್ಟಿ ಈಗಲೇ ಮಾಡಿಡಿ: ಬಿಲ್ ನಂಬರ್, ದಿನಾಂಕ, ಇ-ವೇ ಬಿಲ್ ನಂಬರ್, ಲಾರಿ ನಂಬರ್. ನಾಳೆ ರಿಟರ್ನ್‌ಗಳನ್ನು ಪರಿಶೀಲಿಸುವ ಬೆಂಗಳೂರಿನ ಕೇಂದ್ರ ಸಿಪಿಸಿಯಿಂದ ವ್ಯತ್ಯಾಸ ಕೇಳಿ ಇ-ಮೇಲ್ ಬಂದರೆ ಆ ಒಂದು ಪುಟವೇ ಉತ್ತರ. ಎಐಎಸ್‌ನಲ್ಲೂ ಆ ಮಾಹಿತಿಯ ಎದುರು ಅಭಿಪ್ರಾಯ ದಾಖಲಿಸುವ ಅವಕಾಶ ಇದೆ, ಬಳಸಿಕೊಳ್ಳಿ.

ಸ್ಥಳಾಂತರದ ಖರ್ಚು ಕಳೆಯಬಹುದೇ ಎಂದು ನೀವು ಕೇಳಿಲ್ಲ, ಆದರೆ ಕೇಳುವಿರಿ. 44ಎಡಿ ಹಿಡಿದರೆ ಲಾರಿ ಬಾಡಿಗೆ, ಹಮಾಲಿ, ಹೊಸ ವೈರಿಂಗ್ ಯಾವುದನ್ನೂ ಬೇರೆ ಕಳೆಯುವಂತಿಲ್ಲ. ಮಷಿನ್‌ಗಳ ಸವಕಳಿಯೂ ಅದರೊಳಗೇ ಮುಗಿಯಿತು ಎಂದು ಕಾನೂನು ಭಾವಿಸುತ್ತದೆ. ಶೆಡ್ಡಿಗೆ ಕೊಟ್ಟ ಅಡ್ವಾನ್ಸ್ ಅಂತೂ ಯಾವ ದಾರಿಯಲ್ಲೂ ಖರ್ಚಲ್ಲ, ಅದು ನಿಮಗೆ ವಾಪಸ್ ಬರುವ ಹಣ. ಖರ್ಚು ಜಾಸ್ತಿಯಾಯಿತು ಎಂದು ಈ ಒಂದು ವರ್ಷಕ್ಕೆ 44ಎಡಿ ಬಿಟ್ಟು ಕಡಿಮೆ ಲಾಭ ತೋರಿಸಿದರೆ ಮುಂದಿನ ಐದು ವರ್ಷ ಆ ದಾರಿ ಮುಚ್ಚುತ್ತದೆ, ಪುಸ್ತಕ, ಆಡಿಟ್ ಎಲ್ಲ ಮೈಮೇಲೆ ಬರುತ್ತದೆ. ನಿಮ್ಮ ಗಾತ್ರದ ಯೂನಿಟ್ಟಿಗೆ ಅದು ಲಾಭದ ಮಾತಲ್ಲ ಎಂಬುದು ನನ್ನ ಖಚಿತ ಅಭಿಪ್ರಾಯ.

ಈಗ ನನಗೆ ನಿಜವಾಗಿ ಚಿಂತೆ ಹುಟ್ಟಿಸಿದ ಭಾಗಕ್ಕೆ ಬರೋಣ: ಆಂಧ್ರದ ಆ ಹಳೇ ನಂಬರ್. ಸತತ ಆರು ತಿಂಗಳು ಮಾಸಿಕ ರಿಟರ್ನ್ ಹಾಕದಿದ್ದರೆ ಅಧಿಕಾರಿಯೇ ನೋಟಿಸ್ ಕೊಟ್ಟು ನೋಂದಣಿ ರದ್ದು ಮಾಡಬಹುದು. ಹೇಗೂ ರದ್ದು ಮಾಡಿಸಬೇಕಲ್ಲ, ಅವರೇ ಮಾಡಲಿ ಬಿಡಿ ಎಂದು ಕೂತವರು ಬಹಳ ಜನ. ಅದು ಕೆಟ್ಟ ಯೋಚನೆ. ಯಾಕೆಂದರೆ ಆ ನಂಬರ್‌ನಿಂದ ಆಗಬೇಕಾದ ಎರಡು ಕೆಲಸ ಬಾಕಿ ಇವೆ.

ಒಂದು, ಮಷಿನ್‌ಗಳು. ಡೆನಿಮ್‌ಗೆ ಬಿಲ್ ಹಾಕಿದ ಹಾಗೆ ಮಷಿನ್‌ಗೂ ಹಾಕಬೇಕಿತ್ತು. ಕೊಂಡಾಗ ಕಟ್ಟಿದ ಜಿಎಸ್‌ಟಿಯ ಕ್ರೆಡಿಟ್ (ನೀವು ಕಟ್ಟಬೇಕಾದ ಜಿಎಸ್‌ಟಿಯಲ್ಲಿ ಅದನ್ನು ಕಳೆದುಕೊಳ್ಳುವ ಅವಕಾಶ) ತೆಗೆದುಕೊಂಡಿದ್ದರೆ, ಪ್ರತಿ ಮೂರು ತಿಂಗಳಿಗೆ ಶೇ 5ರಂತೆ ಅದನ್ನು ತಗ್ಗಿಸಿ, ಉಳಿದ ಮೊತ್ತ ಅಥವಾ ಬಿಲ್ ಬೆಲೆಯ ಮೇಲಿನ ತೆರಿಗೆ, ಯಾವುದು ಹೆಚ್ಚೋ ಅದನ್ನು ಕಟ್ಟಬೇಕು. ಒಂದು ಮಷಿನ್‌ಗೆ 7,200 ರೂಪಾಯಿ ಕ್ರೆಡಿಟ್ ಸಿಕ್ಕಿ ಮೂರು ವರ್ಷ ಆಗಿದೆ ಎನ್ನಿ. ಹನ್ನೆರಡು ತ್ರೈಮಾಸಿಕಕ್ಕೆ ಶೇ 60 ಹೋಯಿತು, ಉಳಿದದ್ದು ಶೇ 40, ಅಂದರೆ 2,880. ಎಂಟು ಮಷಿನ್‌ಗೆ 23,040. ಇದನ್ನು ಆಂಧ್ರ ನಂಬರ್‌ನ ಲೆಡ್ಜರ್‌ನಲ್ಲಿ, ಅಂದರೆ ಜಿಎಸ್‌ಟಿ ಖಾತೆಯಲ್ಲಿ ಇರುವ ಕ್ರೆಡಿಟ್‌ನಿಂದಲೇ ತೀರಿಸಬಹುದು, ಮತ್ತು ಅಷ್ಟೇ ಮೊತ್ತ ಬಳ್ಳಾರಿ ನಂಬರ್‌ಗೆ ಕ್ರೆಡಿಟ್ ಆಗಿ ಬರುತ್ತದೆ. ಹಳೇ ದಿನಾಂಕದ ಬಿಲ್ ಹುಟ್ಟಿಸಲು ಮಾತ್ರ ಹೋಗಬೇಡಿ. ಇಂದಿನ ದಿನಾಂಕದ ಬಿಲ್ ಹಾಕಿ, ಅಕ್ಟೋಬರ್‌ನ ಚಲನ್ ನಂಬರ್ ಅದರಲ್ಲೇ ಬರೆಸಿ, ತಡವಾದ ಅವಧಿಗೆ ವರ್ಷಕ್ಕೆ ಶೇ 18ರಂತೆ ಬಡ್ಡಿ ಕಟ್ಟಿಬಿಡಿ. ಏಳು ತಿಂಗಳಿಗೆ ಸುಮಾರು ಎರಡೂವರೆ ಸಾವಿರ ಆದೀತು. ನೆಮ್ಮದಿಗೆ ಅದು ದುಬಾರಿಯಲ್ಲ.

ಈ ಮಾತು ನಿಮಗಿಂತ ಹೆಚ್ಚಾಗಿ, ಇನ್ನೂ ಹೊರಡದೆ ಯೋಚಿಸುತ್ತಾ ಕೂತಿರುವವರಿಗೆ: ಒಂದು ರಾಜ್ಯದ ಲೆಡ್ಜರ್‌ನಲ್ಲಿರುವ ಕ್ರೆಡಿಟ್ಟನ್ನು ಅರ್ಜಿ ಹಾಕಿ ಇನ್ನೊಂದು ರಾಜ್ಯದ ನಿಮ್ಮ ನಂಬರ್‌ಗೆ ಹಾಗೇ ವರ್ಗಾಯಿಸಿಕೊಳ್ಳಲು ಆಗುವುದಿಲ್ಲ. ಅದು ಮಾಲಿನ ಬೆನ್ನು ಹತ್ತಿಯೇ ಬರಬೇಕು. ಮಾಲಿಗೆ ಐಜಿಎಸ್‌ಟಿ (ರಾಜ್ಯ ದಾಟುವ ಸರಬರಾಜಿನ ಜಿಎಸ್‌ಟಿ) ಬಿಲ್ ಹಾಕಿ, ಆ ತೆರಿಗೆಯನ್ನು ಹಳೇ ಕ್ರೆಡಿಟ್‌ನಿಂದ ತೀರಿಸಿದರೆ, ಆಂಧ್ರದ ಎಸ್‌ಜಿಎಸ್‌ಟಿ (ಜಿಎಸ್‌ಟಿಯಲ್ಲಿ ರಾಜ್ಯದ ಪಾಲು) ಕ್ರೆಡಿಟ್ ಸಹ ಕರ್ನಾಟಕದಲ್ಲಿ ಐಜಿಎಸ್‌ಟಿ ಕ್ರೆಡಿಟ್ ಆಗಿ ಕೈಗೆ ಸಿಗುತ್ತದೆ. ನಿಮ್ಮ 9 ಲಕ್ಷದ ಬಿಲ್‌ನಲ್ಲಿ ಶೇ 5ರಂತೆ 45,000 ರೂಪಾಯಿ ಹೀಗೇ ಬಂದಿರಬೇಕು, ಸಿಗುವ ಕ್ರೆಡಿಟ್ ತೋರಿಸುವ ಪಟ್ಟಿಯಾದ ಬಳ್ಳಾರಿ ನಂಬರ್‌ನ ಜಿಎಸ್‌ಟಿಆರ್-2ಬಿಯಲ್ಲಿ ನೋಡಿ ಖಚಿತ ಮಾಡಿಕೊಳ್ಳಿ. ಮಾಲನ್ನೆಲ್ಲ ಬರೀ ಚಲನ್ ಮೇಲೆ ಸಾಗಿಸಿ ನಂಬರ್ ರದ್ದು ಮಾಡಿಸಿದವರ ಕ್ರೆಡಿಟ್ ಅಲ್ಲೇ ಮುಳುಗುತ್ತದೆ. ನಗದು ಲೆಡ್ಜರ್‌ನಲ್ಲಿ ಹಣ ಉಳಿದಿದ್ದರೆ ಅದರ ಕಥೆ ಬೇರೆ: ಬಾಕಿ ಏನೂ ಇಲ್ಲದಿದ್ದರೆ ಸಿಜಿಎಸ್‌ಟಿ (ಕೇಂದ್ರದ ಪಾಲು), ಐಜಿಎಸ್‌ಟಿ ಲೆಕ್ಕದಲ್ಲಿರುವ ಹಣವನ್ನು ಪಿಎಂಟಿ-09 ಫಾರಂ ಮೂಲಕ ನಿಮ್ಮದೇ ಇನ್ನೊಂದು ನಂಬರ್‌ಗೆ ಕಳಿಸಬಹುದು.

ಎರಡನೆಯ ಬಾಕಿ ಕೆಲಸ ವಾಪಸ್ ಮಾಲಿನದು. ಜೀನ್ಸ್ ವ್ಯಾಪಾರದಲ್ಲಿ ವಾಷಿಂಗ್ ಸರಿಯಾಗಲಿಲ್ಲ, ಸೈಜ್ ತಪ್ಪಿತು, ಜಿಪ್ ನಿಲ್ಲುತ್ತಿಲ್ಲ ಎಂದು ತಿಂಗಳುಗಟ್ಟಲೆ ಕಳೆದ ಮೇಲೂ ಪೀಸುಗಳು ವಾಪಸ್ ಬರುತ್ತವೆ. ರಾಯದುರ್ಗದ ಬಿಲ್ ಮೇಲೆ ಹೋದ ಮಾಲಿಗೆ ಕ್ರೆಡಿಟ್ ನೋಟ್ (ಹಳೇ ಬಿಲ್‌ನ ಮೊತ್ತ ತಗ್ಗಿಸುವ ಚೀಟಿ) ಕೊಡಬೇಕಾದದ್ದು 37ರ ನಂಬರ್, 29ರಿಂದ ಕೊಡಲು ಬರುವುದಿಲ್ಲ. ನಂಬರ್ ರದ್ದಾದ ಮೇಲೆ ಪಾರ್ಟಿಗೆ ಹಣ ವಾಪಸ್ ಕೊಟ್ಟರೂ ನೀವು ಕಟ್ಟಿದ ಜಿಎಸ್‌ಟಿ ನಿಮ್ಮ ತಲೆಗೇ. 2025-26ರ ಬಿಲ್‌ಗಳಿಗೆ 2026ರ ನವೆಂಬರ್ 30ರವರೆಗೆ ಕ್ರೆಡಿಟ್ ನೋಟ್ ತೋರಿಸಬಹುದು, ಆದರೆ ಅಷ್ಟು ದಿನ ಎಳೆಯಬೇಡಿ. ಹಳೇ ಪಾರ್ಟಿಗಳಿಗೆ ಫೋನ್ ಮಾಡಿ, ವಾಪಸ್ ಇದ್ದರೆ ಈ ತಿಂಗಳೇ ಕಳಿಸಿ ಎಂದು ಹೇಳಿ ಲೆಕ್ಕ ಚುಕ್ತಾ ಮಾಡಿಕೊಳ್ಳಿ. ವಾಪಸ್ ಬಂದ ಪೀಸನ್ನು ಸರಿಮಾಡಿ ಬಳ್ಳಾರಿಯಿಂದ ಮತ್ತೆ ಮಾರುವುದಾದರೆ ಅದಕ್ಕೂ 37ರಿಂದ 29ಕ್ಕೆ ಬಿಲ್ ಬೇಕು. ಆದಾಯ ತೆರಿಗೆಯಲ್ಲಿ ಈ ವಾಪಸ್ ಮೊತ್ತ ಮಾರಾಟದಿಂದ ಕಳೆಯುತ್ತದೆ, ನನ್ನ ಮೇಲಿನ ಲೆಕ್ಕದಲ್ಲಿ ಅದನ್ನು ಸೇರಿಸಿಲ್ಲ.

ಇವೆರಡೂ ಆಗಬೇಕಾದರೆ ಮೊದಲು ಅಕ್ಟೋಬರ್‌ನಿಂದ ನಿಂತ ರಿಟರ್ನ್‌ಗಳನ್ನು ಕ್ರಮವಾಗಿ ಹಾಕಬೇಕು. ವ್ಯಾಪಾರ ಇಲ್ಲದ ತಿಂಗಳ ಜಿಎಸ್‌ಟಿಆರ್-3ಬಿ ಎಂಬ ಮಾಸಿಕ ರಿಟರ್ನ್‌ಗೆ ತಡದ ಶುಲ್ಕ ದಿನಕ್ಕೆ 20 ರೂಪಾಯಿಯಂತೆ, ಒಂದು ರಿಟರ್ನ್‌ಗೆ ಹೆಚ್ಚೆಂದರೆ 500. ಆಮೇಲೆ ಆರ್‌ಇಜಿ-16 ಫಾರಂನಲ್ಲಿ ರದ್ದತಿಗೆ ಅರ್ಜಿ. ಅಂಗಡಿ ಮುಚ್ಚಿದ 30 ದಿನದೊಳಗೆ ಹಾಕಬೇಕೆಂಬ ನಿಯಮ ಇದೆ, ನಿಮಗೆ ಆಗಲೇ ತಡವಾಗಿದೆ, ಹಾಗಾಗಿ ಮೇಲಿನ ಕೆಲಸಗಳನ್ನು ವಾರಗಳಲ್ಲಿ ಮುಗಿಸಿ, ತಿಂಗಳುಗಳಲ್ಲಿ ಅಲ್ಲ. ರದ್ದಾದ ಮೂರು ತಿಂಗಳೊಳಗೆ ಜಿಎಸ್‌ಟಿಆರ್-10 ಎಂಬ ಕೊನೆಯ ರಿಟರ್ನ್ ಇದೆ. ಅದನ್ನು ಮರೆತು ನೋಟಿಸ್ ಬಂದ ಮೇಲೆ ಓಡಿ ಬರುವವರೇ ಹೆಚ್ಚು.

ಕರ್ನಾಟಕದಲ್ಲಿ ಸಣ್ಣ ವ್ಯಾಪಾರಿಗಳ ಸರಳ ಜಿಎಸ್‌ಟಿ ಯೋಜನೆಯಾದ ಕಾಂಪೊಸಿಷನ್ ತೆಗೆದುಕೊಂಡರೆ ಶೇ 1ರಲ್ಲಿ ಮುಗಿಯುತ್ತದಲ್ಲ ಎಂದು ಯಾರಾದರೂ ಹೇಳಿದರೆ, ನಿಮಗೆ ಅದು ಹೊಂದುವುದಿಲ್ಲ. ಆ ಯೋಜನೆಯಲ್ಲಿರುವವರು ಹೊರರಾಜ್ಯಕ್ಕೆ ಮಾಲು ಮಾರುವಂತಿಲ್ಲ, ನಿಮ್ಮ ಹಳೇ ಗಿರಾಕಿಗಳೆಲ್ಲ ಆ ಕಡೆಯವರು.

ಉಳಿದವು ಸಣ್ಣವು. ಪ್ಯಾನ್‌ನಲ್ಲಿ, ಇ-ಫೈಲಿಂಗ್ ಪ್ರೊಫೈಲ್‌ನಲ್ಲಿ ಬಳ್ಳಾರಿ ವಿಳಾಸ ಹಾಕಿಸಿ. ನಿಮ್ಮ ಕಡತ ಆಂಧ್ರದ ಅಧಿಕಾರಿಯಿಂದ ಇಲ್ಲಿಗೆ ಬರಲು ಸ್ವಲ್ಪ ಕಾಲ ಹಿಡಿದರೂ ರಿಟರ್ನ್‌ಗೆ ಅದು ಅಡ್ಡಿಯಲ್ಲ. ಸಣ್ಣ ಉದ್ದಿಮೆಗಳ ಉದ್ಯಮ್ ನೋಂದಣಿ ಹೊಸದು ಮಾಡಿಸಬೇಡಿ, ಹಳೆಯದರಲ್ಲೇ ಘಟಕದ ವಿಳಾಸ ಬದಲಿಸಿದರೆ ಸಾಕು. ರಾಜ್ಯಕ್ಕೆ ಸಲ್ಲುವುದು ವೃತ್ತಿ ತೆರಿಗೆ. ಕರ್ನಾಟಕದಲ್ಲಿ ನಿಮ್ಮ ಹೆಸರಿಗೆ ವರ್ಷಕ್ಕೆ 2,500 ರೂಪಾಯಿ, ಏಪ್ರಿಲ್ 30ರೊಳಗೆ. ಸಂವಿಧಾನ ಹಾಕಿದ ಮೇಲ್ಮಿತಿಯೂ ಅಷ್ಟೇ. ತಿಂಗಳಿಗೆ 25,000ಕ್ಕಿಂತ ಕಡಿಮೆ ದುಡಿಯುವ ಹೊಲಿಗೆಯವರಿಂದ ಅದನ್ನು ಹಿಡಿಯಬೇಕಿಲ್ಲ.

ಕೊನೆಗೆ, ಹೆಂಡತಿ ಹೆಸರಿನ ಸಲಹೆ. ದಯವಿಟ್ಟು ಅದಕ್ಕೆ ಕೈಹಾಕಬೇಡಿ. ಹಳೇ ಬಾಕಿ ನಿಮ್ಮ ಪ್ಯಾನ್ ಮೇಲೆ ಇದ್ದಲ್ಲೇ ಇರುತ್ತದೆ, ಹೊಸ ಹೆಸರು ಅದನ್ನು ಅಳಿಸುವುದಿಲ್ಲ. ನಿಮ್ಮ ಮಷಿನ್, ನಿಮ್ಮ ಬಟ್ಟೆಯನ್ನು ಬೆಲೆ ಪಡೆಯದೆ ಹೆಂಡತಿಗೆ ಕೊಟ್ಟು ಅದರಿಂದ ಅವರು ಗಳಿಸಿದರೆ ಆ ಆದಾಯವನ್ನು ನಿಮ್ಮ ಆದಾಯಕ್ಕೇ ಸೇರಿಸಿ ತೆರಿಗೆ ಹಾಕುತ್ತಾರೆ. ಅದಕ್ಕಿಂತ ಮುಖ್ಯವಾಗಿ, ಯಾವ ಕಾಗದಕ್ಕೆ ಯಾಕೆ ಸಹಿ ಹಾಕುತ್ತಿದ್ದೇನೆ ಎಂದು ಗೊತ್ತಿಲ್ಲದ ಮನೆಯವರ ಹೆಸರಿಗೆ ಮುಂದೆ ನೋಟಿಸ್ ಬರುವುದು ನನಗೆ ಸರಿ ಕಾಣುವುದಿಲ್ಲ. ಅವರು ನಿಜವಾಗಿಯೂ ಕಟಿಂಗ್, ಲೆಕ್ಕ ನೋಡಿಕೊಳ್ಳುತ್ತಿದ್ದು ಪಾಲುದಾರರಾಗಬೇಕು ಎನ್ನುವುದಾದರೆ ಪಾಲುದಾರಿಕೆ ಸಂಸ್ಥೆ ಮಾಡಬಹುದು. ಆದರೆ ಸಂಸ್ಥೆಗೆ ಸ್ಲ್ಯಾಬ್ ಇಲ್ಲ, 87ಎ ರಿಯಾಯಿತಿ ಇಲ್ಲ, ಮೊದಲ ರೂಪಾಯಿಯಿಂದಲೇ ಶೇ 30 ತೆರಿಗೆ. 44ಎಡಿ ಹಿಡಿದರೆ ಪಾಲುದಾರರ ಸಂಬಳವನ್ನೂ ಕಳೆಯುವಂತಿಲ್ಲ. ಐದೂವರೆ ಲಕ್ಷ ಲಾಭದ ಯೂನಿಟ್ಟಿಗೆ ಈಗಿನ ನಿಮ್ಮ ಒಡೆತನವೇ ಮೇಲು. ಅವರು ತಮ್ಮದೇ ಹಣ ಹಾಕಿ ಬ್ಲೌಸ್, ಚೂಡಿದಾರ್ ಹೊಲಿಗೆಯಂಥ ಬೇರೆ ಕೆಲಸ ನಡೆಸಿದರೆ ಅದು ಅವರ ಪ್ಯಾನ್‌ನಲ್ಲಿ, ಅವರ ಖಾತೆಯಲ್ಲಿ, ಅವರ ರಿಟರ್ನ್‌ನಲ್ಲಿ ಬರಲಿ.